ಡಿಪ್ಲಾಯ್ ಮಾಡಿದಾಗ ಮೆಸೇಜ್ ಕಾಣೆ, ಪಾಡ್ 137ಕ್ಕೆ ಸಾಯುತ್ತದೆ: ಅಸಿಂಕ್ ಸರ್ವಿಸ್ ನಿಲ್ಲಿಸುವ ಕ್ರಮ ಹೇಗಿರಬೇಕು?

ತಡರಾತ್ರಿ_ಡಿಪ್ಲಾಯ್

ಪೈಥಾನ್ 3.12, ಫಾಸ್ಟ್‌ಎಪಿಐ, ಯೂವಿಕಾರ್ನ್. ಒಂದೇ ಪ್ರೋಸೆಸ್ ಒಳಗೆ ಇಷ್ಟು ನಡೆಯುತ್ತಿದೆ: ಎಚ್‌ಟಿಟಿಪಿ (ಒಂದು ಎಂಡ್‌ಪಾಯಿಂಟ್ ಎಸ್‌ಎಸ್‌ಇ ಸ್ಟ್ರೀಮ್, ಅಂದರೆ ಕನೆಕ್ಷನ್ ತೆರೆದೇ ಇಟ್ಟು ಸರ್ವರ್ ಸುದ್ದಿ ಕಳಿಸುತ್ತಲೇ ಇರುವುದು), ಏಐಓ-ಪಿಕಾ ಲೈಬ್ರರಿ ಬಳಸಿ ರ್‍ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಬ್ರೋಕರಿನ ಕ್ಯೂನಿಂದ ಮೆಸೇಜ್ ಎಳೆಯುವ ಕನ್ಸ್ಯೂಮರ್, 60 ಸೆಕೆಂಡಿಗೊಮ್ಮೆ ಕ್ಯಾಶ್ ಹೊಸದು ಮಾಡುವ ಟಾಸ್ಕ್. ಕನ್ಸ್ಯೂಮರ್ ಒಂದೊಂದು ಮೆಸೇಜಿಗೂ ಒಂದು ಪಿಡಿಎಫ್ ತಯಾರಿಸುತ್ತದೆ. ಆ ಲೈಬ್ರರಿ ಸಿಂಕ್ ಆದ್ದರಿಂದ ಟು_ಥ್ರೆಡ್‌ನಲ್ಲಿ ಓಡಿಸುತ್ತೇವೆ, 5ರಿಂದ 20 ಸೆಕೆಂಡ್ ಹಿಡಿಯುತ್ತದೆ. ಡೇಟಾಬೇಸಿಗೆ ಎಸಿಂಕ್‌ಪಿಜಿ ಪೂಲ್. ಎಲ್ಲ ಕುಬರ್ನೆಟೀಸ್ ಮೇಲೆ, ಪಾಡ್‌ಗಳಲ್ಲಿ (ಕಂಟೇನರ್ ಓಡುವ ಘಟಕ); ಗ್ರೇಸ್ ಪೀರಿಯಡ್ (ಪಾಡನ್ನು ಬಲವಂತವಾಗಿ ಕೊಲ್ಲುವ ಮೊದಲು ನಿಲ್ಲಲು ಕೊಡುವ ಸಮಯ) ಡಿಫಾಲ್ಟ್ 30 ಸೆಕೆಂಡ್.

ಲೈಫ್‌ಸ್ಪ್ಯಾನ್ ಫಂಕ್ಷನ್‌ನಲ್ಲಿ (ಈಲ್ಡ್‌ಗೆ ಮುಂಚಿನ ಸಾಲುಗಳು ಸರ್ವಿಸ್ ಶುರುವಾಗುವಾಗ, ನಂತರದವು ನಿಲ್ಲುವಾಗ ಓಡುತ್ತವೆ) ಈಲ್ಡ್‌ಗೆ ಮುಂಚೆ ಪೂಲ್ ತೆರೆದು ಎರಡು ಕ್ರಿಯೇಟ್_ಟಾಸ್ಕ್. ಈಲ್ಡ್ ಆದಮೇಲೆ ಎರಡಕ್ಕೂ ಕ್ಯಾನ್ಸಲ್, ನಂತರ ಪೂಲ್ ಕ್ಲೋಸ್. ಕನ್ಸ್ಯೂಮರ್ ಟಾಸ್ಕ್ ಒಳಗೆ ಕ್ಯೂ ಇಟರೇಟರ್ ಮೇಲೆ ಅಸಿಂಕ್ ಫಾರ್, ಅದರೊಳಗೆ ಮೆಸೇಜ್.ಪ್ರೊಸೆಸ್ ಕಾಂಟೆಕ್ಸ್ಟ್.

ತೊಂದರೆಗಳು:

ಪ್ರತಿ ಡಿಪ್ಲಾಯ್‌ನಲ್ಲೂ ಕೆಲವು ಸೆಕೆಂಡ್ 502 ಎರರ್ (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂದು) ಬರುತ್ತದೆ. ಕೆಲವು ಪಾಡ್‌ಗಳು 137 ಎಕ್ಸಿಟ್ ಕೋಡ್‌ನಲ್ಲಿ ಸಾಯುತ್ತವೆ, ಉಳಿದವು ಸರಿಯಾಗಿ ನಿಲ್ಲುತ್ತವೆ. ಒಂದೆರಡು ಮೆಸೇಜ್ ಕ್ಯೂನಲ್ಲೂ ಇರುವುದಿಲ್ಲ, ಡೇಟಾಬೇಸಿನಲ್ಲೂ ಇರುವುದಿಲ್ಲ. ಮತ್ತೆ ಕ್ಯಾಶ್ ಟಾಸ್ಕ್ ಸದ್ದಿಲ್ಲದೆ ಸತ್ತು ಹೋಗಿ ಹೆಲ್ತ್ ಚೆಕ್ ಮಾತ್ರ ಹಸಿರಾಗಿಯೇ ಇದ್ದದ್ದೂ ಉಂಟು.

ಮೆಸೇಜ್ ವಿಷಯವೇ ಅರ್ಥವಾಗುತ್ತಿಲ್ಲ. ಕ್ಯಾನ್ಸಲ್ ಆದರೆ ಆಕ್ (ಕೆಲಸ ಮುಗಿಯಿತು ಎಂದು ಬ್ರೋಕರಿಗೆ ತಿಳಿಸುವುದು) ಹೋಗುವುದಿಲ್ಲ, ಆಕ್ ಹೋಗದಿದ್ದರೆ ಮೆಸೇಜ್ ಕ್ಯೂಗೆ ವಾಪಸ್ ಬರಬೇಕಲ್ಲವೇ?

---

ಇವೆಂಟ್‌ಲೂಪ

ಮೊದಲು ಒಂದು ವಿಷಯ ನೋಡಿ ಹೇಳಿ: ಮೆಸೇಜ್ ಕಳೆದುಹೋಗುವುದು 137ಕ್ಕೆ ಸತ್ತ ಪಾಡ್‌ಗಳಲ್ಲೋ, ಸರಿಯಾಗಿ ನಿಂತ ಪಾಡ್‌ಗಳಲ್ಲೋ? ಎರಡನೆಯದ್ದು ಅಂತ ನನ್ನ ಅಂದಾಜು.

ಏಐಓ-ಪಿಕಾದ ಮೆಸೇಜ್.ಪ್ರೊಸೆಸ್‌ನಲ್ಲಿ ರೀಕ್ಯೂ (ಮತ್ತೆ ಕ್ಯೂಗೆ ಹಾಕು) ಎಂಬ ಆರ್ಗ್ಯುಮೆಂಟ್ ಇದೆ, ಅದರ ಡಿಫಾಲ್ಟ್ ಫಾಲ್ಸ್. ಆ ಕಾಂಟೆಕ್ಸ್ಟ್ ಒಳಗಿಂದ ಎಕ್ಸೆಪ್ಷನ್ ಹೊರಬಂದರೆ ಅದು ಸುಮ್ಮನೆ ಆಕ್ ಮಾಡದೆ ಬಿಡುವುದಲ್ಲ, ರಿಜೆಕ್ಟ್ ಕಳಿಸುತ್ತದೆ. ಕ್ಯಾನ್ಸಲ್ಡ್‌ಎರರ್ ಬಂದರೂ ಅದೇ ದಾರಿ. ರೀಕ್ಯೂ ಇಲ್ಲದ ರಿಜೆಕ್ಟ್ ಬಂದರೆ ಬ್ರೋಕರ್ ಆ ಮೆಸೇಜನ್ನು ಡೆಡ್ ಲೆಟರ್ ಎಕ್ಸ್‌ಚೇಂಜ್ (ತಿರಸ್ಕೃತ ಮೆಸೇಜ್‌ಗಳು ಹೋಗುವ ಜಾಗ) ಇದ್ದರೆ ಅಲ್ಲಿಗೆ ಕಳಿಸುತ್ತದೆ, ಇಲ್ಲದಿದ್ದರೆ ಎಸೆದುಬಿಡುತ್ತದೆ. ನಿಮ್ಮಲ್ಲಿ ಡೆಡ್ ಲೆಟರ್ ಇಲ್ಲ ಅಂತ ಕಾಣುತ್ತದೆ. ಸಿಗ್‌ಕಿಲ್ (ತಕ್ಷಣ ಕೊಲ್ಲುವ ಸಿಗ್ನಲ್, 137 ಬರುವುದು ಇದರಿಂದ) ತಿಂದ ಪಾಡ್‌ನಲ್ಲಿ ಟಿಸಿಪಿ ಕನೆಕ್ಷನ್ನೇ ಕಡಿದುಹೋಗುವುದರಿಂದ ಆಕ್ ಆಗದ ಮೆಸೇಜ್ ತಾನಾಗಿ ಕ್ಯೂಗೆ ಮರಳುತ್ತದೆ. ಅಂದರೆ ನಿಮ್ಮ ಸರ್ವಿಸ್ ಒರಟಾಗಿ ಸತ್ತಾಗ ಏನೂ ಕಳೆಯುವುದಿಲ್ಲ, ಮರ್ಯಾದೆಯಿಂದ ನಿಂತಾಗ ಕಳೆಯುತ್ತದೆ.

ರೀಕ್ಯೂ ಟ್ರೂ ಮಾಡಿದರೆ ಆಯಿತು ಅಂದುಕೊಳ್ಳಬೇಡಿ. ಕೆಟ್ಟ ಮೆಸೇಜ್ ಒಂದು ಬಂದರೆ ಎಕ್ಸೆಪ್ಷನ್, ರೀಕ್ಯೂ, ಮತ್ತೆ ಅದೇ ಎಕ್ಸೆಪ್ಷನ್ ಅಂತ ಸಿಪಿಯು ತಿನ್ನುತ್ತಾ ಸುತ್ತುತ್ತಿರುತ್ತದೆ. ಕಾಂಟೆಕ್ಸ್ಟ್ ಬಿಟ್ಟು ಕೈಯಲ್ಲೇ ಬರೆಯಿರಿ: ಕೆಲಸ ಮುಗಿದು ಡೇಟಾಬೇಸ್ ಕಮಿಟ್ ಆದಮೇಲೆ ಆಕ್, ನಿಮ್ಮ ಕೋಡಿನ ಎಕ್ಸೆಪ್ಷನ್ ಆದರೆ ರೀಕ್ಯೂ ಇಲ್ಲದ ರಿಜೆಕ್ಟ್, ಜೊತೆಗೆ ಡೆಡ್ ಲೆಟರ್ ಕ್ಯೂ, ಕ್ಯಾನ್ಸಲ್ಡ್‌ಎರರ್ ಆದರೆ ರೀಕ್ಯೂ ಸಹಿತ ನ್ಯಾಕ್ (ಆಕ್‌ನ ವಿರುದ್ಧ) ಮಾಡಿ ಅದನ್ನು ಮತ್ತೆ ರೈಸ್ ಮಾಡಿ. ಪೈಥಾನ್ 3.8ರಿಂದ ಕ್ಯಾನ್ಸಲ್ಡ್‌ಎರರ್ ಬೇಸ್‌ಎಕ್ಸೆಪ್ಷನ್ ಅಡಿಯಲ್ಲಿದೆ, ಆದ್ದರಿಂದ ಎಕ್ಸೆಪ್ಟ್ ಎಕ್ಸೆಪ್ಷನ್ ಎಂದು ಬರೆದರೆ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಬರೀ ಎಕ್ಸೆಪ್ಟ್ ಎಂದು ಬರೆದರೆ ಸಿಕ್ಕಿಬೀಳುತ್ತದೆ, ಆಗ ಟಾಸ್ಕ್ ಕ್ಯಾನ್ಸಲ್ಲನ್ನು ನುಂಗಿ ಆರಾಮಾಗಿ ಮುಂದುವರಿಯುತ್ತದೆ.

ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಟು_ಥ್ರೆಡ್ ಮೇಲೆ ಅವೇಟ್ ಮಾಡುತ್ತಿದ್ದಾಗ ಕ್ಯಾನ್ಸಲ್ ಬಂದರೆ ನಿಲ್ಲುವುದು ಅವೇಟ್ ಮಾತ್ರ. ಥ್ರೆಡ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಮೆಸೇಜ್ ವಾಪಸ್ ಹೋಗಿ ಇನ್ನೊಂದು ಪಾಡ್ ಅದೇ ಪಿಡಿಎಫ್ ಶುರುಮಾಡಿರುವಾಗ ಇಲ್ಲಿ ಹಳೆಯ ಥ್ರೆಡ್ ಕೂಡ ಅದೇ ಫೈಲ್ ಬರೆಯುತ್ತಿರಬಹುದು.

---

ಪಾಡ್‌ಪಾಲಕ

502 ಮತ್ತು 137 ಬಗ್ಗೆ.

ಪಾಡ್ ಡಿಲೀಟ್ ಆದಾಗ ಎರಡು ಕೆಲಸ ಒಟ್ಟೊಟ್ಟಿಗೆ ಶುರುವಾಗುತ್ತವೆ, ಒಂದಕ್ಕೊಂದು ಕಾಯುವುದಿಲ್ಲ. ಒಂದು ಕಡೆ ಕುಬ್ಲೆಟ್ (ನೋಡ್‌ನಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಏಜೆಂಟ್) ಪ್ರೀಸ್ಟಾಪ್ ಹುಕ್ (ನಿಲ್ಲಿಸುವ ಮೊದಲು ಓಡುವ ಹೆಜ್ಜೆ) ಓಡಿಸಿ ಆಮೇಲೆ ಸಿಗ್‌ಟರ್ಮ್ (ಮುಗಿಸಿ ನಿಲ್ಲು ಎಂಬ ಸಿಗ್ನಲ್) ಕಳಿಸುತ್ತದೆ. ಇನ್ನೊಂದು ಕಡೆ ಎಂಡ್‌ಪಾಯಿಂಟ್ ಪಟ್ಟಿಯಿಂದ ಪಾಡ್ ವಿಳಾಸ ತೆಗೆಯುವ ಕೆಲಸ. ಆ ಸುದ್ದಿ ಎಲ್ಲ ನೋಡ್‌ಗಳ ಕ್ಯೂಬ್‌ಪ್ರಾಕ್ಸಿಗೆ (ಪಾಡ್‌ಗಳಿಗೆ ಟ್ರಾಫಿಕ್ ದಾಟಿಸುವ ಭಾಗ), ಇಂಗ್ರೆಸ್‌ಗೆ (ಹೊರಗಿನ ರಿಕ್ವೆಸ್ಟ್ ಒಳಗೆ ತರುವ ಪ್ರಾಕ್ಸಿ) ತಲುಪಲು ಸ್ವಲ್ಪ ಹೊತ್ತು ಬೇಕು. ನಿಮ್ಮ ಯೂವಿಕಾರ್ನ್ ಸಿಗ್‌ಟರ್ಮ್ ಬಂದ ಕೂಡಲೇ ಲಿಸನ್ ಸಾಕೆಟ್ ಮುಚ್ಚುತ್ತದೆ, ಆದರೆ ಇಂಗ್ರೆಸ್ ಇನ್ನೂ ಅಲ್ಲಿಗೇ ರಿಕ್ವೆಸ್ಟ್ ಕಳಿಸುತ್ತಿರುತ್ತದೆ. 502 ಬರುವುದು ಈ ಸಂದಿಯಲ್ಲಿ. ಪ್ರೀಸ್ಟಾಪ್‌ನಲ್ಲಿ 5ರಿಂದ 10 ಸೆಕೆಂಡ್ ಸ್ಲೀಪ್ ಹಾಕಿದರೆ ಸಾಕು. ಸರ್ವರ್ ಅಷ್ಟು ಹೊತ್ತು ಏನೂ ಗೊತ್ತಿಲ್ಲದ ಹಾಗೆ ಕೆಲಸ ಮಾಡುತ್ತಿರುತ್ತದೆ. ಡಿಸ್ಟ್ರೋಲೆಸ್ ಇಮೇಜ್ ಆದರೆ ಅದರಲ್ಲಿ ಸ್ಲೀಪ್ ಕಮಾಂಡೇ ಇರುವುದಿಲ್ಲ. ಕುಬರ್ನೆಟೀಸ್‌ನ ಹೊಸ ಆವೃತ್ತಿಗಳಲ್ಲಿ ಪ್ರೀಸ್ಟಾಪ್‌ಗೇ ಸ್ಲೀಪ್ ಆಕ್ಷನ್ ಇದೆ, ಅದನ್ನು ಬಳಸಿ. ಸಿಗ್‌ಟರ್ಮ್ ಬಂದಮೇಲೆ ರೆಡಿನೆಸ್ (ಟ್ರಾಫಿಕ್‌ಗೆ ಸಿದ್ಧವೇ ಎಂಬ ಚೆಕ್) ಫೇಲ್ ಮಾಡುವ ಕೋಡ್ ಬರೆಯುವವರಿದ್ದಾರೆ. ಪಾಡ್ ಡಿಲೀಟ್ ಆಗುತ್ತಿರುವಾಗ ಅದರಿಂದ ಉಪಯೋಗವಿಲ್ಲ, ಡಿಲೀಟ್ ಆದದ್ದರಿಂದಲೇ ಅದು ಪಟ್ಟಿಯಿಂದ ಹೋಗುತ್ತಿದೆ.

ನೆನಪಿಡಿ, ಪ್ರೀಸ್ಟಾಪ್ ಸಮಯವೂ ಆ 30 ಸೆಕೆಂಡ್ ಒಳಗೇ ಲೆಕ್ಕ.

137 ಅಂದರೆ 128+9, ಸಿಗ್‌ಕಿಲ್. (ಮೆಮೊರಿ ಮಿತಿ ಮೀರಿದರೂ 137 ಬರುತ್ತದೆ, ಆಗ ಪಾಡ್ ಸ್ಥಿತಿಯಲ್ಲಿ ಓಓಎಂಕಿಲ್ಡ್ ಎಂದು ಇರುತ್ತದೆ; ಮೊದಲು ಅದನ್ನು ನೋಡಿ.) ಸಿಗ್‌ಟರ್ಮ್ ತಲುಪುತ್ತಿದೆಯೇ ಎಂದು ತಿಳಿಯಲು ಕಂಟೇನರ್ ಒಳಗೆ ಪಿಐಡಿ 1 (ಮೊದಲ ಪ್ರೋಸೆಸ್) ಯಾವುದು ನೋಡಿ. ಡಾಕರ್‌ಫೈಲಿನ ಸಿಎಂಡಿ ಸಾಲನ್ನು ಚೌಕ ಆವರಣ ಇಲ್ಲದೆ ಬರೆದಿದ್ದರೆ ಶೆಲ್ ಪಿಐಡಿ 1 ಆಗಿ ಕೂತಿರಬಹುದು. ಅದು ಸಿಗ್ನಲನ್ನು ಮಗುವಿಗೆ ದಾಟಿಸುವುದಿಲ್ಲ. ಹ್ಯಾಂಡ್ಲರ್ ಇಲ್ಲದ ಪಿಐಡಿ 1ಕ್ಕೆ ಸಿಗ್‌ಟರ್ಮ್‌ನ ಡಿಫಾಲ್ಟ್ ಕ್ರಿಯೆಯೂ ಅನ್ವಯಿಸುವುದಿಲ್ಲ, ಹಾಗಾಗಿ 30 ಸೆಕೆಂಡ್ ಸುಮ್ಮನೆ ಕಳೆದು ಕೊನೆಗೆ ಸಿಗ್‌ಕಿಲ್. ಆದರೆ ನಿಮ್ಮಲ್ಲಿ ಕೆಲವು ಪಾಡ್ ಸರಿಯಾಗಿ ನಿಲ್ಲುತ್ತಿರುವುದರಿಂದ ಇದು ಕಾರಣ ಅಲ್ಲ. ಎಸ್‌ಎಸ್‌ಇ ಮೇಲೆ ನನಗೆ ಅನುಮಾನ. ಯೂವಿಕಾರ್ನ್‌ನ ಟೈಮ್‌ಔಟ್-ಗ್ರೇಸ್‌ಫುಲ್-ಶಟ್‌ಡೌನ್‌ಗೆ ಡಿಫಾಲ್ಟ್ ಮೌಲ್ಯವೇ ಇಲ್ಲ, ಅಂದರೆ ನಡೆಯುತ್ತಿರುವ ರೆಸ್ಪಾನ್ಸ್ ಮುಗಿಯುವವರೆಗೆ ಮಿತಿಯಿಲ್ಲದೆ ಕಾಯುತ್ತದೆ. ಎಸ್‌ಎಸ್‌ಇ ಸ್ಟ್ರೀಮ್ ಎಂದೂ ಮುಗಿಯುವುದಿಲ್ಲ. ಲೈಫ್‌ಸ್ಪ್ಯಾನ್‌ನ ಈಲ್ಡ್ ನಂತರದ ಸಾಲುಗಳು ಓಡುವುದು ಎಚ್‌ಟಿಟಿಪಿ ಪೂರ್ತಿ ಖಾಲಿಯಾದ ಮೇಲೆ. ಸ್ಟ್ರೀಮ್ ತೆರೆದಿದ್ದ ಪಾಡ್‌ಗಳಲ್ಲಿ ನಿಮ್ಮ ಕ್ಯಾನ್ಸಲ್ ಕೋಡ್ ಓಡಿಯೇ ಇಲ್ಲ.

---

ತಡರಾತ್ರಿ_ಡಿಪ್ಲಾಯ್

ಇಬ್ಬರ ಅಂದಾಜೂ ಸರಿ. 137 ಬಂದ ಪಾಡ್‌ಗಳಲ್ಲೆಲ್ಲ ಎಸ್‌ಎಸ್‌ಇ ಕನೆಕ್ಷನ್ ತೆರೆದಿತ್ತು, ಓಓಎಂ ಅಲ್ಲ. ಕಳೆದ ಮೆಸೇಜ್‌ಗಳ ಐಡಿ ಹಿಡಿದು ನೋಡಿದರೆ ಎಲ್ಲವೂ ಸೊನ್ನೆ ಕೋಡ್‌ನಲ್ಲಿ ನಿಂತ ಪಾಡ್‌ಗಳವು. ಡೆಡ್ ಲೆಟರ್ ಇರಲಿಲ್ಲ.

ಈಗ ರಚನೆಯನ್ನೇ ಬದಲಿಸೋಣ ಅಂತಿದ್ದೇನೆ. ಎಲ್ಲವನ್ನೂ ಟಾಸ್ಕ್‌ಗ್ರೂಪ್ (ಟಾಸ್ಕ್‌ಗಳನ್ನು ಒಟ್ಟಾಗಿ ನಡೆಸುವ ಅಸಿಂಕ್‌ಐಓ ಸೌಲಭ್ಯ) ಒಳಗೆ ಹಾಕಿ ಲೈಫ್‌ಸ್ಪ್ಯಾನ್‌ನಲ್ಲಿ ಇಟ್ಟರೆ ಸಾಕೇ?

---

ಇವೆಂಟ್‌ಲೂಪ

ಲೈಫ್‌ಸ್ಪ್ಯಾನ್ ಒಳಗೆ ಟಾಸ್ಕ್‌ಗ್ರೂಪ್ ಬೇಡ. ಮಗು ಟಾಸ್ಕ್ ಬಿದ್ದರೆ ಗ್ರೂಪ್ ತನ್ನ ತಾಯಿ ಟಾಸ್ಕನ್ನು ಕ್ಯಾನ್ಸಲ್ ಮಾಡುತ್ತದೆ. ಇಲ್ಲಿ ತಾಯಿ ಎಂದರೆ ಲೈಫ್‌ಸ್ಪ್ಯಾನ್ ಓಡಿಸುವ ಟಾಸ್ಕ್, ಎಚ್‌ಟಿಟಿಪಿ ಸರ್ವರ್ ಅಲ್ಲ. ಲೈಫ್‌ಸ್ಪ್ಯಾನ್ ಸತ್ತು ಸರ್ವರ್ ಬದುಕಿರುವ ವಿಚಿತ್ರ ಸ್ಥಿತಿಗೆ ಬರುತ್ತೀರಿ.

ಕನ್ಸ್ಯೂಮರನ್ನು ಬೇರೆ ಡಿಪ್ಲಾಯ್‌ಮೆಂಟ್ ಮಾಡಿ. ಇಮೇಜ್ ಒಂದೇ ಇರಲಿ, ಕಮಾಂಡ್ ಬೇರೆ. ಎಚ್‌ಟಿಟಿಪಿಗೆ ಬೇಕಾದದ್ದು ಪ್ರೀಸ್ಟಾಪ್ ಮತ್ತು ಚಿಕ್ಕ ಡ್ರೇನ್ (ಕೈಯಲ್ಲಿರುವ ಕೆಲಸ ಮುಗಿಯಲು ಕಾಯುವುದು). ಕನ್ಸ್ಯೂಮರಿಗೆ ಪ್ರೀಸ್ಟಾಪ್ ಬೇಡ, ಡ್ರೇನ್ ಉದ್ದ ಬೇಕು. ಒಂದೇ ಪ್ರೋಸೆಸ್‌ನಲ್ಲಿ ಇಟ್ಟರೆ ಎರಡರ ಕಾಯುವಿಕೆ ಒಂದರ ಹಿಂದೆ ಒಂದು ಕೂಡುತ್ತದೆ. ಸಾಲದ್ದಕ್ಕೆ ಎಚ್‌ಟಿಟಿಪಿ ಖಾಲಿಯಾಗುವ ತನಕ ಕನ್ಸ್ಯೂಮರ್ ಹೊಸ ಮೆಸೇಜ್ ಎಳೆಯುತ್ತಲೇ ಇರುತ್ತದೆ. ಬೇರೆ ಮಾಡಿದರೆ ಸಿಗ್ನಲ್ ಕೂಡ ನಿಮ್ಮ ಕೈಗೆ ಬರುತ್ತದೆ, ಯೂವಿಕಾರ್ನ್ ಇದ್ದ ಕಡೆ ಅದು ತನ್ನದೇ ಹ್ಯಾಂಡ್ಲರ್ ಹಾಕಿಕೊಳ್ಳುತ್ತದೆ.

ಕನ್ಸ್ಯೂಮರ್ ಪ್ರೋಸೆಸ್‌ನ ಮೇನ್ ಹೀಗಿರಲಿ. ಮೊದಲ ಸಾಲಿನಲ್ಲೇ ಲೂಪ್.ಆ್ಯಡ್_ಸಿಗ್ನಲ್_ಹ್ಯಾಂಡ್ಲರ್. ಶುರುವಿನ ಹಂತದಲ್ಲಿ ಸಿಗ್‌ಟರ್ಮ್ ಬಂದರೆ ಅದು ಮೇನ್ ಟಾಸ್ಕನ್ನೇ ಕ್ಯಾನ್ಸಲ್ ಮಾಡಬೇಕು. ಶುರು ಮುಗಿದ ಮೇಲೆ ಅದೇ ಸಿಗ್ನಲಿಗೆ ಹ್ಯಾಂಡ್ಲರ್ ಬದಲಿಸಿ, ನಿಲ್ಲಿಸು ಎಂಬ ಇವೆಂಟ್ ಸೆಟ್ ಮಾಡುವ ಹಾಗೆ ಮಾಡಿ. ಬರೀ ಇವೆಂಟ್ ಮಾತ್ರ ಇಟ್ಟರೆ, ಡೇಟಾಬೇಸ್ ಸಿಗದೆ ರೀಟ್ರೈ ಲೂಪ್‌ನಲ್ಲಿ ಸಿಕ್ಕಿಕೊಂಡಿರುವ ಪ್ರೋಸೆಸ್ ಆ ಇವೆಂಟನ್ನು ನೋಡುವುದೇ ಇಲ್ಲ, ಮತ್ತೆ 137.

ಆಮೇಲೆ ಅಸಿಂಕ್‌ಎಕ್ಸಿಟ್‌ಸ್ಟ್ಯಾಕ್: ಪೂಲ್, ಅದರ ಮೇಲೆ ಬ್ರೋಕರ್ ಕನೆಕ್ಷನ್, ಅದರ ಮೇಲೆ ಚಾನೆಲ್. ಕೊನೆಗೆ ಹಾಕಿದ್ದು ಮೊದಲು ಮುಚ್ಚುತ್ತದೆ. ಅರ್ಧದಲ್ಲಿ ಶುರು ಕೆಟ್ಟರೂ ಅಲ್ಲಿವರೆಗೆ ತೆರೆದದ್ದಷ್ಟೇ ಮುಚ್ಚಿಕೊಳ್ಳುತ್ತದೆ. ಟಾಸ್ಕ್‌ಗಳೆಲ್ಲ ಈ ಸ್ಟ್ಯಾಕ್‌ನ ಒಳಗೇ ಮುಗಿಯಬೇಕು. ಪೂಲ್ ಮುಚ್ಚಿದ ಮೇಲೆ ಓಡುವ ಟಾಸ್ಕ್ ಒಂದಿದ್ದರೂ ಲಾಗ್ ತುಂಬ ಪೂಲ್ ಮುಚ್ಚಿದೆ ಎಂಬ ದೂರು.

ಇಟರೇಟರ್ ಬಿಟ್ಟು ಕ್ಯೂ.ಕನ್ಸ್ಯೂಮ್‌ಗೆ ಕಾಲ್‌ಬ್ಯಾಕ್ ಕೊಡಿ. ಎಳೆಯುವುದು ಮತ್ತು ಸಂಸ್ಕರಿಸುವುದು ಒಂದೇ ಟಾಸ್ಕ್ ಆಗಿದ್ದರಿಂದಲೇ ಒಂದನ್ನು ನಿಲ್ಲಿಸಲು ಹೋಗಿ ಇನ್ನೊಂದನ್ನೂ ಕಡಿಯುತ್ತಿದ್ದಿರಿ. ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲಿ ಕರೆಂಟ್_ಟಾಸ್ಕನ್ನು ಒಂದು ಸೆಟ್‌ಗೆ ಸೇರಿಸಿ, ಫೈನಲಿಯಲ್ಲಿ ತೆಗೆಯಿರಿ. ಕಾಲ್‌ಬ್ಯಾಕ್‌ಗಳು ಒಟ್ಟೊಟ್ಟಿಗೆ ಓಡುವುದರಿಂದ ಪ್ರೀಫೆಚ್ ಸಂಖ್ಯೆಯೇ (ಆಕ್ ಬರುವ ಮೊದಲು ಬ್ರೋಕರ್ ಎಷ್ಟು ಮೆಸೇಜ್ ಕೊಡಬಹುದು ಎಂಬುದು) ನಿಮ್ಮ ಏಕಕಾಲದ ಮಿತಿ. ಡಿಫಾಲ್ಟ್ ಥ್ರೆಡ್ ಪೂಲ್ ಗಾತ್ರ ಸಿಪಿಯು ಎಣಿಕೆಗೆ 4 ಕೂಡಿಸಿದಷ್ಟು (ಗರಿಷ್ಠ 32). ಪ್ರೀಫೆಚ್ ಅದಕ್ಕಿಂತ ಹೆಚ್ಚಿಟ್ಟರೆ ಉಳಿದ ಮೆಸೇಜ್‌ಗಳು ಥ್ರೆಡ್‌ಗಾಗಿ ಸಾಲಲ್ಲಿ ನಿಂತು ಡ್ರೇನ್ ಸಮಯ ದುಪ್ಪಟ್ಟಾಗುತ್ತದೆ.

ನಿಲ್ಲಿಸು ಬಂದಾಗ: ಕ್ಯೂ.ಕ್ಯಾನ್ಸಲ್‌ಗೆ ಕನ್ಸ್ಯೂಮರ್ ಟ್ಯಾಗ್ ಕೊಟ್ಟು ಹೊಸ ಮೆಸೇಜ್ ನಿಲ್ಲಿಸಿ. ಚಾನೆಲ್ ಮುಚ್ಚಬೇಡಿ, ಆಕ್ ಹೋಗಬೇಕಾದದ್ದು ಮೆಸೇಜ್ ಬಂದ ಅದೇ ಚಾನೆಲ್‌ನಲ್ಲಿ. ಆ ಸೆಟ್ ಮೇಲೆ ಅಸಿಂಕ್‌ಐಓ.ವೇಟ್, ಟೈಮ್‌ಔಟ್ 25 ಸೆಕೆಂಡ್ (ಸೆಟ್ ಖಾಲಿಯಿದ್ದರೆ ವೇಟ್ ವ್ಯಾಲ್ಯೂಎರರ್ ಎಸೆಯುತ್ತದೆ, ನೋಡಿಕೊಳ್ಳಿ). ಉಳಿದವಕ್ಕೆ ಕ್ಯಾನ್ಸಲ್, ಇನ್ನೊಮ್ಮೆ ವೇಟ್ 2 ಸೆಕೆಂಡ್. ಇಲ್ಲಿ ವೇಟ್_ಫಾರ್ ಬಳಸಬೇಡಿ. ಟೈಮ್‌ಔಟ್ ಆದಾಗ ಅದು ಕ್ಯಾನ್ಸಲ್ ಮಾಡಿ, ಆ ಟಾಸ್ಕ್ ನಿಜವಾಗಿ ಮುಗಿಯುವವರೆಗೆ ಕಾಯುತ್ತದೆ. ಕ್ಯಾನ್ಸಲ್ ನುಂಗುವ ಟಾಸ್ಕ್ ಸಿಕ್ಕರೆ ವೇಟ್_ಫಾರ್ ಕೂಡ ಅದರ ಜೊತೆ ಕೂತುಬಿಡುತ್ತದೆ.

ಪೂಲ್ ಮುಚ್ಚುವಾಗ ಮಾತ್ರ ವೇಟ್_ಫಾರ್ ಸರಿ. ಎಸಿಂಕ್‌ಪಿಜಿಯ ಪೂಲ್.ಕ್ಲೋಸ್ ಎಲ್ಲ ಕನೆಕ್ಷನ್ ವಾಪಸ್ ಬರುವ ತನಕ ಮಿತಿಯಿಲ್ಲದೆ ಕಾಯುತ್ತದೆ, 60 ಸೆಕೆಂಡ್ ಆದಮೇಲೆ ಒಂದು ಎಚ್ಚರಿಕೆ ಬರೆಯುತ್ತದೆ ಅಷ್ಟೆ. 5 ಸೆಕೆಂಡ್ ಕೊಡಿ, ಆಗದಿದ್ದರೆ ಪೂಲ್.ಟರ್ಮಿನೇಟ್.

---

ಒಂಬತ್ತನೇಸಿಗ್ನಲ್

ಇಷ್ಟೆಲ್ಲ ಬರೆದ ಮೇಲೂ ನೋಡ್ ಕರೆಂಟ್ ಹೋದರೆ ಒಂದು ಸಾಲೂ ಓಡುವುದಿಲ್ಲ. ಸರಿತನವನ್ನು ಶಟ್‌ಡೌನ್ ಕೋಡ್ ಮೇಲೆ ಹೊರಿಸಬೇಡಿ. ಮೆಸೇಜ್ ಐಡಿಗೆ ಒಂದು ಟೇಬಲ್, ಆ ಕಾಲಂ ಮೇಲೆ ಯೂನಿಕ್ ಕನ್ಸ್ಟ್ರೇಂಟ್, ಫಲಿತಾಂಶ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಐಡಿ ಇನ್ಸರ್ಟ್. ಕಮಿಟ್ ಆಗಿ ಆಕ್ ಹೋಗುವ ಮೊದಲು ಸತ್ತರೆ ಮೆಸೇಜ್ ಮತ್ತೆ ಬರುತ್ತದೆ, ಇನ್ಸರ್ಟ್ ಡಿಕ್ಕಿ ಹೊಡೆಯುತ್ತದೆ, ಆಗ ಆಕ್ ಮಾಡಿ ಮುಂದೆ ಹೋಗಿ. ಪಿಡಿಎಫ್ ಅನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು ಮುಗಿದ ಮೇಲೆ ರೀನೇಮ್. ತಾತ್ಕಾಲಿಕ ಹೆಸರು ಪ್ರತಿ ಪ್ರಯತ್ನಕ್ಕೂ ಬೇರೆ ಇರಲಿ. ಆಗ ಮೇಲೆ ಹೇಳಿದ ಇಬ್ಬರು ಒಂದೇ ಫೈಲ್ ಬರೆಯುವ ರಗಳೆ ಇರುವುದಿಲ್ಲ.

ಇದು ಸರಿಯಾಗಿದ್ದರೆ ಡ್ರೇನ್ ಕೇವಲ ವೇಗದ ಪ್ರಶ್ನೆ: ಅರ್ಧ ಆದ ಕೆಲಸವನ್ನು ಮತ್ತೆ ಮಾಡುವುದು ತಪ್ಪುತ್ತದೆ. ನನ್ನ ಕೇಳಿದರೆ ಕನ್ಸ್ಯೂಮರಿಗೆ ಡ್ರೇನೇ ಬೇಡ, ಕನೆಕ್ಷನ್ ಕಡಿದು ಹೊರಟುಬಿಡಿ.

---

ಪಾಡ್‌ಪಾಲಕ

ಐಡೆಂಪೊಟೆನ್ಸಿ (ಅದೇ ಮೆಸೇಜ್ ಎರಡು ಸಲ ಬಂದರೂ ಫಲಿತಾಂಶ ಒಂದೇ) ಮೊದಲು ಎಂಬುದಕ್ಕೆ ತಕರಾರಿಲ್ಲ. ಆದರೆ 20 ಸೆಕೆಂಡಿನ ಕೆಲಸಗಳನ್ನು ಹಾಗೆ ಕಡಿದರೆ ರೋಲಿಂಗ್ ಅಪ್‌ಡೇಟ್‌ನಲ್ಲಿ ಅದೇ ಮೆಸೇಜ್ ಇನ್ನೂ ಹಳೆಯದೇ ಆವೃತ್ತಿಯ ಮತ್ತೊಂದು ಪಾಡ್‌ಗೆ ಹೋಗಿ, ಅದೂ ಕೆಲ ಸೆಕೆಂಡಿನಲ್ಲಿ ಸಾಯುತ್ತದೆ. ಕ್ವೋರಮ್ ಕ್ಯೂ (ಹಲವು ನೋಡ್‌ಗಳಲ್ಲಿ ಪ್ರತಿ ಇಡುವ ಕ್ಯೂ) ಆಗಿ ಡೆಲಿವರಿ ಲಿಮಿಟ್ (ಒಂದು ಮೆಸೇಜನ್ನು ಎಷ್ಟು ಸಲ ಮತ್ತೆ ಕೊಡಬಹುದು ಎಂಬ ಮಿತಿ) ಇದ್ದರೆ, ಇಂಥ ಮರುಕಳಿಕೆಗಳೂ ಎಣಿಕೆಗೆ ಸೇರಿ ಒಳ್ಳೆಯ ಮೆಸೇಜೇ ಡೆಡ್ ಲೆಟರಿಗೆ ಬೀಳಬಹುದು. ಎಚ್‌ಟಿಟಿಪಿಯಲ್ಲಂತೂ ವಾಪಸ್ ಹೋಗಲು ಕ್ಯೂನೇ ಇಲ್ಲ.

ಸಮಯದ ಹಂಚಿಕೆ ಹೀಗಿಡಿ. ಎಚ್‌ಟಿಟಿಪಿ ಪಾಡ್: ಪ್ರೀಸ್ಟಾಪ್ 8, ಯೂವಿಕಾರ್ನ್ ಗ್ರೇಸ್‌ಫುಲ್ 10, ಪೂಲ್ 5, ಒಟ್ಟು 23, ಗ್ರೇಸ್ ಪೀರಿಯಡ್ 30 ಹಾಗೇ ಇರಲಿ. ಕನ್ಸ್ಯೂಮರ್ ಪಾಡ್: ಡ್ರೇನ್ 25, ಕ್ಯಾನ್ಸಲ್ ನಂತರದ ವೇಟ್ 2, ಪೂಲ್ 5, ಒಟ್ಟು 32, ಗ್ರೇಸ್ ಪೀರಿಯಡ್ 45. ಒಳಗಿನ ಮೊತ್ತ ಯಾವಾಗಲೂ ಹೊರಗಿನದಕ್ಕಿಂತ ಕಡಿಮೆ ಇರಬೇಕು, ಅದಕ್ಕೆ ಕೆಲವು ಸೆಕೆಂಡ್ ಉಳಿಕೆ. ಲೋಕಲ್‌ನಲ್ಲಿ ಪರೀಕ್ಷಿಸುವಾಗ ಡಾಕರ್ ಸ್ಟಾಪ್ 10 ಸೆಕೆಂಡಿಗೇ ಕೊಲ್ಲುತ್ತದೆ, ಟೈಮ್‌ಔಟ್ ಹೆಚ್ಚಿಸಿ ಕೊಡಿ. ಸಿಸ್ಟಂಡಿ ಅಡಿಯಲ್ಲಿ ಓಡಿಸುವವರಿಗೆ ಡಿಫಾಲ್ಟ್ 90.

ಎಸ್‌ಎಸ್‌ಇ ಕ್ಲೈಂಟ್ ಬ್ರೌಸರಿನ ಇವೆಂಟ್‌ಸೋರ್ಸ್ ಆದರೆ ಕಡಿದಾಗ ತಾನೇ ಮರುಸಂಪರ್ಕ ಮಾಡುತ್ತದೆ, ಚಿಂತೆ ಬೇಡ.

---

ತಡರಾತ್ರಿ_ಡಿಪ್ಲಾಯ್

ಬೇರೆ ಬೇರೆ ಮಾಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಕ್ಯಾಶ್ ಟಾಸ್ಕ್ ಸದ್ದಿಲ್ಲದೆ ಸಾಯುವುದು, ಮತ್ತು ನಿಲ್ಲಿಸುವಾಗ ಥ್ರೆಡ್ 20 ಸೆಕೆಂಡ್ ಮೀರಿ ಸಿಕ್ಕಿಕೊಂಡರೆ ಏನು ಗತಿ?

---

ಇವೆಂಟ್‌ಲೂಪ

ಕ್ಯಾಶ್ ಟಾಸ್ಕ್: ಕ್ರಿಯೇಟ್_ಟಾಸ್ಕ್ ಕೊಟ್ಟದ್ದನ್ನು ವೇರಿಯಬಲ್‌ನಲ್ಲಿ ಹಿಡಿದುಕೊಂಡಿದ್ದೀರಲ್ಲ? ಇವೆಂಟ್ ಲೂಪ್ ಟಾಸ್ಕ್‌ಗಳಿಗೆ ಇಟ್ಟುಕೊಳ್ಳುವುದು ವೀಕ್ ರೆಫರೆನ್ಸ್ ಮಾತ್ರ. ಬೇರೆ ಯಾರೂ ಹಿಡಿದಿಲ್ಲದಿದ್ದರೆ ಅರ್ಧದಲ್ಲೇ ಕಸಕ್ಕೆ ಹೋಗಬಹುದು. ಹಿಡಿದುಕೊಂಡರೆ ಬೇರೆ ಸಮಸ್ಯೆ: ಎಕ್ಸೆಪ್ಷನ್ ಆದದ್ದು ಯಾರೂ ಅವೇಟ್ ಮಾಡದಿದ್ದರೆ ಆ ಟಾಸ್ಕ್ ವಸ್ತು ಅಳಿಯುವವರೆಗೆ ಲಾಗ್‌ಗೂ ಬರುವುದಿಲ್ಲ. ಲೈಫ್‌ಸ್ಪ್ಯಾನ್‌ನ ವೇರಿಯಬಲ್‌ನಲ್ಲಿ ಕೂತ ಟಾಸ್ಕ್ ಶಟ್‌ಡೌನ್‌ವರೆಗೂ ಬಾಯಿಬಿಡುವುದಿಲ್ಲ. ನಿಮ್ಮಲ್ಲಿ ಆದದ್ದು ಇದೇ ಇರಬೇಕು.

ಟ್ರೈ-ಎಕ್ಸೆಪ್ಟ್ ಅನ್ನು ವೈಲ್ ಲೂಪಿನ ಒಳಗೆ ಇಡಿ, ಹೊರಗಲ್ಲ. ಒಂದು ಸುತ್ತು ಕೆಟ್ಟರೆ ಲಾಗ್ ಮಾಡಿ ಮುಂದಿನ ಸುತ್ತಿಗೆ ಕಾಯಲಿ. ಒಂದು ಸುತ್ತಿಗೆ ಅಸಿಂಕ್‌ಐಓ.ಟೈಮ್‌ಔಟ್ 30 ಸೆಕೆಂಡ್ ಹಾಕಿ, ಎಸೆಯದೆ ಸಿಕ್ಕಿಕೊಳ್ಳುವುದೂ ಸಾವಿನ ಇನ್ನೊಂದು ರೂಪ. ಕೊನೆಯ ಬಾರಿ ಯಶಸ್ವಿಯಾದ ಸಮಯವನ್ನು ಮೆಟ್ರಿಕ್ ಆಗಿ ಹೊರಗೆ ಕೊಟ್ಟು, 5 ನಿಮಿಷಕ್ಕಿಂತ ಹಳೆಯದಾದರೆ ಅಲರ್ಟ್. ಲೈವ್‌ನೆಸ್ ಪ್ರೋಬ್‌ಗೆ ಇದನ್ನು ಜೋಡಿಸಬೇಡಿ. ಡೇಟಾಬೇಸ್ ಹತ್ತು ನಿಮಿಷ ಮಲಗಿದರೆ ಎಲ್ಲ ಪಾಡ್ ಒಟ್ಟಿಗೆ ರೀಸ್ಟಾರ್ಟ್ ಆಗುತ್ತವೆ, ಗುಣವಾಗುವುದೇನೂ ಇಲ್ಲ.

ಕನ್ಸ್ಯೂಮರ್ ಪ್ರೋಸೆಸ್‌ನ ಶಾಶ್ವತ ಟಾಸ್ಕ್‌ಗಳಿಗೆ ಟಾಸ್ಕ್‌ಗ್ರೂಪ್ ಸರಿಯಾದ ಜಾಗ, ಒಂದು ಬಿದ್ದರೆ ಎಲ್ಲ ಇಳಿದು ಪ್ರೋಸೆಸ್ ಸಾಯಲಿ, ಕುಬರ್ನೆಟೀಸ್ ಎಬ್ಬಿಸುತ್ತದೆ. ಒಂದು ತೂತು ಇದೆ: ಟಾಸ್ಕ್ ಎಕ್ಸೆಪ್ಷನ್ ಇಲ್ಲದೆ ಸುಮ್ಮನೆ ರಿಟರ್ನ್ ಆದರೆ ಗ್ರೂಪ್‌ಗೆ ಅದು ಸಹಜ ಮುಕ್ತಾಯ, ಉಳಿದವು ಓಡುತ್ತಲೇ ಇರುತ್ತವೆ. ಎಂದೂ ಮುಗಿಯಬಾರದ ಟಾಸ್ಕ್‌ಗಳಿಗೆ ಒಂದು ಚಿಕ್ಕ ಹೊದಿಕೆ ಫಂಕ್ಷನ್ ಬರೆದು, ಒಳಗಿನದು ರಿಟರ್ನ್ ಆದರೆ ರನ್‌ಟೈಮ್‌ಎರರ್ ಎಸೆಯಿರಿ.

ಥ್ರೆಡ್: ಪೈಥಾನ್ ಥ್ರೆಡ್ಡನ್ನು ಹೊರಗಿನಿಂದ ಕೊಲ್ಲಲು ಆಗದು. ಅಸಿಂಕ್‌ಐಓ.ರನ್ ಮುಗಿಯುವಾಗ ಡಿಫಾಲ್ಟ್ ಎಕ್ಸಿಕ್ಯೂಟರಿಗಾಗಿ (ಆ ಥ್ರೆಡ್ ಪೂಲ್) 3.12ರಿಂದ 5 ನಿಮಿಷ ಕಾಯುತ್ತದೆ, ಅದಕ್ಕೆ ಮುಂಚಿನ ಆವೃತ್ತಿಗಳಲ್ಲಿ ಮಿತಿಯೇ ಇರಲಿಲ್ಲ. ಅದು ದಾಟಿದರೂ ಇಂಟರ್‌ಪ್ರಿಟರ್ ಹೊರಹೋಗುವಾಗ ಆ ಥ್ರೆಡ್‌ಗಳನ್ನು ಮತ್ತೆ ಜಾಯಿನ್ ಮಾಡಲು ನೋಡುತ್ತದೆ. ಹಾಗಾಗಿ ಪಿಡಿಎಫ್ ಕೆಲಸವನ್ನು ಕ್ರಿಯೇಟ್_ಸಬ್‌ಪ್ರೋಸೆಸ್_ಎಕ್ಸೆಕ್ ಮೂಲಕ ಬೇರೆ ಪ್ರೋಸೆಸ್ ಆಗಿ ಓಡಿಸಿ. ಕ್ಯಾನ್ಸಲ್ಡ್‌ಎರರ್ ಹಿಡಿದಾಗ ಅದಕ್ಕೆ ಕಿಲ್, ನಂತರ ಅದರ ವೇಟ್ (ಇಲ್ಲದಿದ್ದರೆ ಜಾಂಬಿ ಉಳಿಯುತ್ತದೆ), ನ್ಯಾಕ್, ಮತ್ತೆ ರೈಸ್. ಅಲ್ಲಿಯವರೆಗೆ ಟು_ಥ್ರೆಡ್ಡೇ ಗತಿ ಅಂತಾದರೆ, ಡ್ರೇನ್ ಮುಗಿದು ಎಲ್ಲ ಮುಚ್ಚಿ ಲಾಗ್ ಫ್ಲಶ್ ಮಾಡಿದ ಮೇಲೆ ಓಎಸ್._ಎಕ್ಸಿಟ್ (ಥ್ರೆಡ್‌ಗಳಿಗೆ ಕಾಯದೆ ಪ್ರೋಸೆಸ್ ಮುಗಿಸುತ್ತದೆ) ಕರೆಯುವುದು ಚೆಂದವಲ್ಲದಿದ್ದರೂ ಕೆಲಸ ಮಾಡುತ್ತದೆ.

---

ಒಂಬತ್ತನೇಸಿಗ್ನಲ್

ಪರೀಕ್ಷೆ ಹೀಗೆ ಮಾಡಿ: ಐಡಿ ಸಹಿತ 1000 ಮೆಸೇಜ್ ಹಾಕಿ, ಅರ್ಧದಲ್ಲಿ ಪಾಡ್ ಡಿಲೀಟ್ ಮಾಡಿ. ಕೊನೆಗೆ ಟೇಬಲ್‌ನಲ್ಲಿ ಬೇರೆ ಬೇರೆ ಐಡಿ 1000 ಇರಬೇಕು, ಡೆಡ್ ಲೆಟರ್ ಸೊನ್ನೆ, ಎಕ್ಸಿಟ್ ಕೋಡ್ 0. ನಂತರ ಗ್ರೇಸ್ ಪೀರಿಯಡ್ 1 ಸೆಕೆಂಡಿಗೆ ಇಳಿಸಿ ಅದೇ ಓಟ ಮತ್ತೆ: ಕೋಡ್ 137 ಬರುತ್ತದೆ, ಉಳಿದ ಎರಡು ಅಂಕಿ ಬದಲಾಗಬಾರದು. ಕಂಟೇನರ್ ಒಳಗೆ ಹೋಗಿ ಕಿಲ್ -9 1 ಹೊಡೆದು ಪರೀಕ್ಷೆ ಆಯಿತು ಅಂದುಕೊಳ್ಳಬೇಡಿ, ಅದೇ ನೇಮ್‌ಸ್ಪೇಸ್ ಒಳಗಿಂದ ಪಿಐಡಿ 1ಕ್ಕೆ ಸಿಗ್‌ಕಿಲ್ ತಾಗುವುದಿಲ್ಲ.